ಆಯ ತಪ್ಪದಿರಲು ಯಾವ ಕಸರತ್ತು? ಮರಳು, ಗೋಡೆ, ಯೋಗ, ಕುಣಿತ, ಶಟಲ್ – ಒಂದು ವರ್ಷ ಮಾಡಿ ನೋಡಿದವನ ಹೋಲಿಕೆ

ಕಳೆದ ವರ್ಷ ಆಷಾಢದಲ್ಲಿ ಶಿರಸಿ ಹತ್ತಿರದ ನಮ್ಮ ಮನೆಯಂಗಳದಲ್ಲಿ ಜಾರಿ ಬಿದ್ದೆ. ಮೂರು ದಿನ ಬಿಡದೆ ಮಳೆ ಹೊಡೆದಿತ್ತು. ಕೊಟ್ಟಿಗೆಗೆ ಹೋಗಲು ಹಾಸಿದ್ದ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಮೇಲೆ ಹಾವಸೆ ಕಟ್ಟಿತ್ತು. ಬಲಗಾಲು ಜಾರಿತು. ಎಡಗಾಲು ಏನು ಮಾಡಬೇಕು ಎಂದು ತೀರ್ಮಾನಿಸುವ ಮೊದಲೇ ನಾನು ನೆಲದ ಮೇಲಿದ್ದೆ. ಎಡಗೈ ಮಣಿಕಟ್ಟು ಮುರಿಯಿತು.

ಕೈ ಮುರಿದದ್ದಕ್ಕಿಂತ ಹೆಚ್ಚು ಚುಚ್ಚಿದ ಸಂಗತಿ ಬೇರೆ. ನನಗೆ 53. ಕಾರವಾರದಲ್ಲಿ ಕೆಲಸ. ದಿನಾ ಬೆಳಿಗ್ಗೆ ಟ್ಯಾಗೋರ್ ಬೀಚ್ ಬದಿಯಲ್ಲಿ ನಾಲ್ಕು ಕಿಲೋಮೀಟರ್ ವಾಕಿಂಗ್ ಮಾಡುವವನು. ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, 78. ಅವಳು ಅದೇ ದಬ್ಬೆಯ ಮೇಲೆ ದಿನಕ್ಕೆ ನಾಲ್ಕು ಸಲ ಹಾಲಿನ ತಂಬಿಗೆ ಹಿಡಿದು ಓಡಾಡುತ್ತಾಳೆ. ಬಿದ್ದದ್ದು ನಾನು.

ಪಟ್ಟಿ ಬಿಚ್ಚಿದ ಮೇಲೆ ಫಿಸಿಯೋಥೆರಪಿಗೆ ಹೋದೆ. ಅಲ್ಲಿದ್ದ ಹುಡುಗಿ ಕೈ ನೋಡಿದ್ದಾದ ಮೇಲೆ, "ಸರ್, ಒಂಟಿ ಕಾಲಲ್ಲಿ ನಿಂತು ತೋರಿಸಿ" ಎಂದಳು. ಆರು ಸೆಕೆಂಡಿಗೆ ಜೋಲಿ ಹೊಡೆದು ಟೇಬಲ್ ಹಿಡಿದೆ. ಅವಳು ನಗಲಿಲ್ಲ, ಅಷ್ಟು ಪುಣ್ಯ. ಆಮೇಲೆ ಒಂದು ವರ್ಷ ಸಿಕ್ಕಿದ್ದನ್ನೆಲ್ಲ ಮಾಡಿ ನೋಡಿದೆ. ಕೆಲವು ನನಗೆ ಆಗಿಬಂದವು. ಕೆಲವು ನಮ್ಮ ಮನೆಯ ಬೇರೆಯವರಿಗೆ ಆಗಿಬಂದವು. ಒಂದೆರಡು ಸುಮ್ನೆ ದುಡ್ಡಿನ ದಂಡ.

ಮೊದಲು, ನಿಮ್ಮ ಆಯ ತಪ್ಪುವುದು ಎಲ್ಲಿ?

ಇದನ್ನು ನೋಡಿಕೊಳ್ಳದೆ ಕಸರತ್ತು ಆರಿಸಿದರೆ ತಲೆನೋವಿಗೆ ಕಾಲು ತಿಕ್ಕಿದಂತೆ ಆಗುತ್ತದೆ.

ದೇಹ ನೆಟ್ಟಗೆ ನಿಲ್ಲಲು ಮೂರು ಕಡೆಯಿಂದ ಸುದ್ದಿ ಬರಬೇಕು. ಒಂದು ಕಣ್ಣಿನಿಂದ. ಎರಡನೆಯದು ಒಳಕಿವಿಯಿಂದ. ಅಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ, ತಲೆ ಯಾವ ಕಡೆ ತಿರುಗಿತು ಎಂದು ಅವು ಹೇಳುತ್ತವೆ. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳಿಂದ. ಮಿದುಳು ಮೂರನ್ನೂ ಕೂಡಿಸಿ ಕಾಲಿಗೆ ಆಜ್ಞೆ ಕೊಡುತ್ತದೆ. ಹೆಚ್ಚಿನವರು ವಯಸ್ಸಾದ ಹಾಗೆ ಕಣ್ಣನ್ನೇ ನೆಚ್ಚಿಕೊಳ್ಳುತ್ತಾರೆ. ಹಾಗಾಗಿಯೇ ರಾತ್ರಿ ಕರೆಂಟ್ ಹೋದಾಗ ಬಚ್ಚಲಿಗೆ ಹೊರಟವರು ಬೀಳುವುದು. ಗೋಡೆಯ ಮೂಲೆಯಲ್ಲಿ ನಿಂತು, ಎರಡೂ ಪಾದ ಜೋಡಿಸಿ, ಕಣ್ಣು ಮುಚ್ಚಿ ನೋಡಿ. ತೀರಾ ತೂಗಾಡಿದರೆ ನಿಮ್ಮ ಕಾಲಿನ ಮತ್ತು ಕಿವಿಯ ಸುದ್ದಿ ಸರಿಯಾಗಿ ಬರುತ್ತಿಲ್ಲ ಎಂದರ್ಥ. ಪಕ್ಕದಲ್ಲಿ ಯಾರಾದರೂ ಇರಲಿ.

ಇನ್ನೊಂದು ಪರೀಕ್ಷೆ ನಾಲ್ಕು ಮೆಟ್ಟಿಲಿನದು. ಮೊದಲು ಪಾದ ಜೋಡಿಸಿ ನಿಲ್ಲುವುದು. ಆಮೇಲೆ ಒಂದು ಪಾದ ಅರ್ಧ ಮುಂದೆ. ಆಮೇಲೆ ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಒಂದೇ ಗೆರೆಯಲ್ಲಿ. ಕೊನೆಗೆ ಒಂಟಿ ಕಾಲು. ಪ್ರತಿಯೊಂದಕ್ಕೂ ಹತ್ತು ಸೆಕೆಂಡ್. ವಯಸ್ಸಾದವರು ಮೂರನೆಯದರಲ್ಲಿ ಹತ್ತು ಸೆಕೆಂಡ್ ನಿಲ್ಲಲಾಗದಿದ್ದರೆ ಬೀಳುವ ಅಪಾಯ ಜಾಸ್ತಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ.

ಒಂಟಿ ಕಾಲಿನ ಲೆಕ್ಕವನ್ನು ಬ್ರೆಜಿಲ್‌ನವರು ಮಾಡಿದ್ದಾರೆ. 51ರಿಂದ 75 ವರ್ಷದ 1702 ಜನರನ್ನು ಹತ್ತು ಸೆಕೆಂಡ್ ನಿಲ್ಲಿಸಿ ನೋಡಿದರು, ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಐವರಲ್ಲಿ ಒಬ್ಬರಿಗೆ ಆಗಲಿಲ್ಲ. 51-55ರ ಗುಂಪಿನಲ್ಲಿ ಸೋತವರು ನೂರಕ್ಕೆ ಐದರಷ್ಟು, 71-75ರಲ್ಲಿ ಅರ್ಧಕ್ಕಿಂತ ಹೆಚ್ಚು. ನಾನು ಆ ಐದರಲ್ಲಿ ಒಬ್ಬ! ನಿಲ್ಲಲಾಗದವರು ಮುಂದಿನ ವರ್ಷಗಳಲ್ಲಿ ತೀರಿಕೊಂಡದ್ದೂ ಜಾಸ್ತಿ ಎಂದು ಆ ವರದಿ ಹೇಳಿತು. ಇದನ್ನು ಓದಿ ನಾನು ಎರಡು ದಿನ ಮಂಕಾಗಿದ್ದೆ. ಆದರೆ ನಿಲ್ಲಲಾಗದ್ದರಿಂದಲೇ ಸತ್ತರು ಎಂದಲ್ಲ. ಸಕ್ಕರೆ ಕಾಯಿಲೆ, ಬೊಜ್ಜು ಇಂಥವು ಅವರಲ್ಲಿ ಜಾಸ್ತಿ ಇದ್ದವು.

ಕಸರತ್ತಿಗೆ ಮೊದಲು ಡಾಕ್ಟರ್ ಹತ್ತಿರ ಹೋಗಬೇಕಾದವರೂ ಇದ್ದಾರೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮನೆಯೇ ತಿರುಗಿದಂತೆ ಆಗುವವರು ಮೊದಲು ಕಿವಿ ತೋರಿಸಬೇಕು. ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದರೆ, ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಡಾಕ್ಟರ್ ಅದನ್ನು ಸರಿಮಾಡುತ್ತಾರೆ, ಅದಕ್ಕೆ ವೃಕ್ಷಾಸನ ಬೇಕಿಲ್ಲ. ಎದ್ದ ಕೂಡಲೇ ಕಣ್ಣು ಕತ್ತಲೆ ಬರುವವರು ಬಿಪಿ ಮಾತ್ರೆಯ ಬಗ್ಗೆ ಕೇಳಬೇಕು. ಅಂಗಾಲು ಜೋಮು ಹಿಡಿದಂತೆ, ಹತ್ತಿಯ ಮೇಲೆ ನಡೆದಂತೆ ಅನಿಸಿದರೆ ಸಕ್ಕರೆ ಮತ್ತು ಬಿ12 ಎರಡನ್ನೂ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಸಸ್ಯಾಹಾರಿಗಳು ಜಾಸ್ತಿ ಅಲ್ವಾ, ಬಿ12 ಕೊರತೆಗೆ ಅದೂ ಒಂದು ಕಾರಣ. ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಅದು ಕಡಿಮೆಯಾಗಬಹುದು. ನನಗೂ ಕಡಿಮೆ ಇತ್ತು.

ವಾಕಿಂಗ್: ಒಳ್ಳೆಯದೇ, ಆದರೆ ಇದಕ್ಕಲ್ಲ

ನನಗೆ ಒಪ್ಪಲು ಕಷ್ಟವಾದ ಮಾತು ಇದು. ಹನ್ನೆರಡು ವರ್ಷ ವಾಕಿಂಗ್ ಮಾಡಿದ್ದೇನೆ. ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಅದು ಬೇಕು. ಆದರೆ ಸಪಾಟು ದಾರಿಯಲ್ಲಿ ನಡೆಯುವಾಗ ದೇಹ ಎಲ್ಲೂ ಜೋಲಿ ಹೊಡೆಯುವುದಿಲ್ಲ. ಜೋಲಿ ಹೊಡೆಯದೆ ಅದನ್ನು ತಡೆಯಲು ಕಾಲು ಕಲಿಯುವುದು ಹೇಗೆ? 2019ರಲ್ಲಿ ಕಾಕ್ರೇನ್ ಸಂಸ್ಥೆ 108 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿತು. 23,000ಕ್ಕೂ ಹೆಚ್ಚು ಹಿರಿಯರ ಲೆಕ್ಕ ಅದು. ಬ್ಯಾಲೆನ್ಸ್ ಕಸರತ್ತು ಬೀಳುವುದನ್ನು ಸುಮಾರು ಕಾಲು ಭಾಗ ಇಳಿಸಿತ್ತು. ಅದರ ಜೊತೆ ಕಾಲಿನ ಶಕ್ತಿಯ ಕಸರತ್ತೂ ಸೇರಿದಾಗ ಮೂರನೇ ಒಂದು ಭಾಗ. ಬರೀ ವಾಕಿಂಗ್‌ನಿಂದ ಬೀಳುವುದು ಕಡಿಮೆಯಾಗುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ.

ಹಾಗಂತ ನಾನು ವಾಕಿಂಗ್ ಬಿಟ್ಟಿಲ್ಲ. ಬಿಟ್ಟರೆ ಕಟ್ಟೆಯ ಮೇಲಿನ ಗೆಳೆಯರ ಬಳಗ ಬಿಟ್ಟಂತೆ.

ಮರಳು: ಪುಕ್ಕಟೆ ಜಿಮ್

ಕರಾವಳಿಯಲ್ಲಿರುವವರಿಗೆ ಇದೊಂದು ಅನುಕೂಲ. ಒಣ ಮರಳಿನಲ್ಲಿ ಹೆಜ್ಜೆ ಇಟ್ಟರೆ ಪಾದ ಪ್ರತಿ ಸಲವೂ ಬೇರೆ ಕೋನದಲ್ಲಿ ಕುಸಿಯುತ್ತದೆ, ಪಾದದ ಗಂಟು ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕಬೇಕು. ಗಟ್ಟಿ ನೆಲದಲ್ಲಿ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಮೊದಲ ದಿನ ದಡದಲ್ಲಿ ಪ್ರದರ್ಶನಕ್ಕಿಟ್ಟ ಚಾಪೆಲ್ ಯುದ್ಧನೌಕೆಯ ಹತ್ತಿರ ಶುರುಮಾಡಿ ಹತ್ತೇ ನಿಮಿಷಕ್ಕೆ ಮೀನಖಂಡ ಕಲ್ಲಾಯಿತು.

ಅಲೆ ಬಂದು ಹೋದ ಒದ್ದೆ ಮರಳು ಗಟ್ಟಿ, ಶುರುಮಾಡುವವರಿಗೆ ಅದೇ ಸರಿ. ಆದರೆ ಅದು ನೀರಿನ ಕಡೆಗೆ ಇಳಿಜಾರು. ಒಂದೇ ದಿಕ್ಕಿನಲ್ಲಿ ನಡೆದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಇರುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಹೋದಷ್ಟೇ ದೂರ ಅದೇ ಗೆರೆಯಲ್ಲಿ ವಾಪಸ್ ಬನ್ನಿ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕಡಿಮೆಯಾದವರು ಬರಿಗಾಲಿನಲ್ಲಿ ಬೇಡವೇ ಬೇಡ. ಚಿಪ್ಪು, ಬಾಟಲಿ ಚೂರು, ಬಲೆಯ ತುಂಡು ಎಲ್ಲ ಇರುತ್ತವೆ, ಚುಚ್ಚಿದ್ದು ಗೊತ್ತೇ ಆಗುವುದಿಲ್ಲ.

ಮರಳಿನ ದೊಡ್ಡ ದೋಷ ಜೂನ್‌ನಲ್ಲಿ ಶುರುವಾಗುತ್ತದೆ. ಯಾಂತ್ರಿಕ ಮೀನುಗಾರಿಕೆ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧದ ಮೇಲೆ ದಡದಲ್ಲಿರುವಾಗ, ನಾವು ಅಲೆಯ ಬುಡದಲ್ಲಿ ಕಸರತ್ತು ಮಾಡುವುದು ಜಾಣತನವಲ್ಲ. ಅಲೆ ದಂಡೆಯನ್ನೇ ಕೊರೆದು ಮೆಟ್ಟಿಲು ಮಾಡಿರುತ್ತದೆ. ನಾವು ಜಾರುವುದೂ ಅದೇ ತಿಂಗಳುಗಳಲ್ಲಿ. ಬೇಕಾದಾಗ ಇಲ್ಲದ ಕಸರತ್ತು ಇದು.

ಗೋಡೆ, ಕುರ್ಚಿ, ಕಂಬಳಿ

ಇದರಲ್ಲಿ ಯಾವ ಗಮ್ಮತ್ತೂ ಇಲ್ಲ. ಫೋಟೋ ತೆಗೆದು ಸ್ಟೇಟಸ್ ಹಾಕುವ ಹಾಗಿಲ್ಲ. ಆದರೂ ಒಂದನ್ನೇ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ನ್ಯೂಜಿಲೆಂಡ್‌ನ ಒಟಾಗೋ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ವಯಸ್ಸಾದವರಿಗಾಗಿ ಮನೆಯಲ್ಲೇ ಮಾಡುವ ಒಂದು ಕಸರತ್ತಿನ ಕ್ರಮ ಕಟ್ಟಿದರು. 17 ಕಸರತ್ತು, ವಾರಕ್ಕೆ ಮೂರು ಸಲ, ಅರ್ಧ ಗಂಟೆ. ಜೊತೆಗೆ ಎರಡು ದಿನ ವಾಕಿಂಗ್. ಮಾಡಿದವರು ಬೀಳುವುದು ಸುಮಾರು ನೂರಕ್ಕೆ 35ರಷ್ಟು ಇಳಿಯಿತು. ಯಂತ್ರವಿಲ್ಲ. ಕಾಲಿಗೆ ಕಟ್ಟುವ ಸಣ್ಣ ತೂಕ, ಹಿಡಿಯಲು ಒಂದು ಕಟ್ಟೆ, ಅಷ್ಟೇ.

ನನಗೆ ಹೇಳಿಕೊಟ್ಟದ್ದೂ ಅದೇ ಜಾತಿಯದು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಆಮೇಲೆ ಬೆರಳು ಎತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು. ಕಾಲನ್ನು ಬದಿಗೆ ಎತ್ತುವುದು. ಹಿಮ್ಮಡಿಗೆ ಬೆರಳು ತಾಗಿಸುತ್ತಾ ಒಂದೇ ಗೆರೆಯಲ್ಲಿ ಹತ್ತು ಹೆಜ್ಜೆ. ಅದೇ ಗೆರೆಯಲ್ಲಿ ಹಿಂದಕ್ಕೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಈ ಕೊನೆಯದಕ್ಕೆ ಒಂದು ಅಳತೆ ಇದೆ. ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳುತ್ತೀರಿ ಎಂದು ಎಣಿಸಿ. 60-64ರ ಗಂಡಸರು 14ಕ್ಕಿಂತ ಕಡಿಮೆ, ಹೆಂಗಸರು 12ಕ್ಕಿಂತ ಕಡಿಮೆ ಎದ್ದರೆ ತೊಡೆಯ ಶಕ್ತಿ ಸಾಲದು. ನನ್ನ ಅಂಕ ಆಗ 11. ಆಯಿಯದೂ 11! ಅವಳ ವಯಸ್ಸಿಗೆ ಅದು ಪಾಸು.

ಇಲ್ಲಿ ಗುಟ್ಟಿರುವುದು ಏರಿಕೆಯಲ್ಲಿ. ಎರಡು ಕೈ ಹಿಡಿದು ಶುರು. ಆಮೇಲೆ ಒಂದು ಕೈ. ಆಮೇಲೆ ಎರಡು ಬೆರಳು. ಆಮೇಲೆ ಕೈ ಗಾಳಿಯಲ್ಲಿ, ಕಟ್ಟೆ ಹತ್ತಿರದಲ್ಲಿ. ಅದೂ ಸಲೀಸಾಯಿತು ಅಂದರೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ನಿಲ್ಲಿ, ಅಂಗಾಲಿನ ಸುದ್ದಿ ಮಸುಕಾಗುತ್ತದೆ. ತಲೆಯನ್ನು ನಿಧಾನ ಎಡಬಲ ತಿರುಗಿಸಿ, ಕಿವಿಗೆ ಕೆಲಸ ಬೀಳುತ್ತದೆ. ನೂರರಿಂದ ಏಳೇಳು ಕಳೆಯುತ್ತಾ ಹೆಜ್ಜೆ ಇಡಿ. ನಾವು ಬೀಳುವುದು ಹೆಚ್ಚಾಗಿ ಬೇರೇನೋ ಯೋಚಿಸುವಾಗ ತಾನೆ? ನಾನು ಬಿದ್ದಾಗ ತಲೆಯಲ್ಲಿ ಅಡಿಕೆ ರೇಟು ಓಡುತ್ತಿತ್ತು.

ಇಲ್ಲಿ ಎರಡು ವಾರ ಸಲೀಸಾಗಿ ಮಾಡಿದ್ದನ್ನೇ ಮೂರನೇ ವಾರವೂ ಮಾಡುತ್ತಿದ್ದರೆ ನೀವು ಕಸರತ್ತು ಮಾಡುತ್ತಿಲ್ಲ, ಪೂಜೆ ಮಾಡುತ್ತಿದ್ದೀರಿ. ಸ್ವಲ್ಪ ಜೋಲಿ ಹೊಡೆಯಲೇಬೇಕು. 88 ಪ್ರಯೋಗಗಳನ್ನು ಒಟ್ಟುಗೂಡಿಸಿದ ಇನ್ನೊಂದು ಲೆಕ್ಕದಲ್ಲಿ, ಬ್ಯಾಲೆನ್ಸನ್ನು ಚೆನ್ನಾಗಿ ಕದಡುವ ಕಸರತ್ತನ್ನು ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ಮಾಡಿದವರಿಗೇ ಅತಿ ಹೆಚ್ಚು ಲಾಭವಾಗಿತ್ತು, ಬೀಳುವುದು ನೂರಕ್ಕೆ 39ರಷ್ಟು ಕಡಿಮೆ. ಮೂರು ಗಂಟೆ ಎಂದರೆ ದಿನಕ್ಕೆ ಅರ್ಧ ಗಂಟೆಗಿಂತ ಕಡಿಮೆ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟು ಹೊತ್ತು, ಹಲ್ಲುಜ್ಜುವಷ್ಟು ಹೊತ್ತು ಹೀಗೆ ಕೂಡಿಸಿದರೆ ಅರ್ಧ ಅಲ್ಲೇ ಆಗುತ್ತದೆ.

ಬೇಸರ ಬರುವುದೇ ಇದರ ಕೊರತೆ. ನನಗೆ ಎರಡನೇ ತಿಂಗಳಿಗೇ ಬಂತು. ಆಗಲೇ ಬೇರೆಯದನ್ನು ಹುಡುಕಲು ಹೊರಟದ್ದು.

ಯೋಗವೋ, ತಾಯ್ ಚಿಯೋ?

ಯೋಗಕ್ಕೆ ನಮ್ಮಲ್ಲಿ ಗುರುಗಳಿಗೆ ಬರವಿಲ್ಲ. ಶಿರಸಿಯಲ್ಲಿ, ಕಾರವಾರದಲ್ಲಿ, ಗೋಕರ್ಣದಲ್ಲಂತೂ ಗಲ್ಲಿಗೊಂದು ಕ್ಲಾಸು. ವೃಕ್ಷಾಸನ, ಗರುಡಾಸನ, ಒಂಟಿ ಕಾಲಿನ ವೀರಭದ್ರಾಸನ ಇವೆಲ್ಲ ನಿಂತಲ್ಲಿ ನಿಲ್ಲುವ ಬ್ಯಾಲೆನ್ಸನ್ನು ಚೆನ್ನಾಗಿ ಕಲಿಸುತ್ತವೆ. ಪಾದದ ಗಂಟಿನ ಸಣ್ಣ ಸ್ನಾಯುಗಳು ಎಚ್ಚರವಾಗುತ್ತವೆ. ಉಸಿರು ನಿಧಾನವಾದರೆ ತೂಗಾಟವೂ ನಿಧಾನವಾಗುವುದು ನನಗೇ ಗೊತ್ತಾಯಿತು.

ಆದರೆ ಗುರುಗಳು "ಒಂದು ಬಿಂದುವನ್ನೇ ನೋಡಿ" ಎನ್ನುತ್ತಾರಲ್ಲ, ಅಲ್ಲಿಗೆ ಬ್ಯಾಲೆನ್ಸಿನ ಭಾರವೆಲ್ಲ ಕಣ್ಣಿಗೆ ಹೋಗುತ್ತದೆ. ದಬ್ಬೆಯ ಮೇಲೆ ನಡೆಯುವಾಗ ಬಿಂದು ಎಲ್ಲಿದೆ? ನಾನು ಹೋದ ಒಂದು ಕ್ಲಾಸಿನಲ್ಲಿ ಮೊದಲ ವಾರವೇ ಎಲ್ಲರನ್ನೂ ಹಾಲಿನ ನಡುವೆ ವೃಕ್ಷಾಸನದಲ್ಲಿ ನಿಲ್ಲಿಸಿ ಕಣ್ಣು ಮುಚ್ಚಿಸಿದರು. ಪಕ್ಕದಲ್ಲಿದ್ದ ಒಬ್ಬರು ಅಜ್ಜಿ ನನ್ನ ಮೇಲೆ ಬಿದ್ದರು, ನಾನು ಕಿಟಕಿಯ ಮೇಲೆ. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಆ ಅಜ್ಜಿ ಮತ್ತೆ ಬರಲಿಲ್ಲ. ಗೋಡೆಯ ಪಕ್ಕ ನಿಲ್ಲಿಸುವ, ವಯಸ್ಸು ಕೇಳುವ ಗುರು ಸಿಕ್ಕರೆ ಮಾತ್ರ ಸೇರಿ.

ತಾಯ್ ಚಿ ಚೀನಾದ ನಿಧಾನಗತಿಯ ಕಸರತ್ತು. ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತುಪ್ಪ ಸುರಿದ ಹಾಗೆ ಸಾಗಿಸುವುದೇ ಅದರ ಜೀವ. ಪುರಾವೆ ಇದರ ಕಡೆ ಬಲವಾಗಿದೆ. ಅಮೆರಿಕದ ಒರೆಗಾನ್‌ನಲ್ಲಿ 70 ದಾಟಿದ 670 ಜನರ ಮೇಲೆ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಬ್ಯಾಲೆನ್ಸಿಗೆಂದೇ ಹೊಂದಿಸಿದ ತಾಯ್ ಚಿ ಮಾಡಿದವರು, ಬರೀ ಮೈ ಎಳೆಯುವ ಕಸರತ್ತು ಮಾಡಿದವರಿಗಿಂತ ನೂರಕ್ಕೆ 58ರಷ್ಟು ಕಡಿಮೆ ಬಿದ್ದಿದ್ದರು. ನನ್ನ ತೊಂದರೆ, ಹತ್ತಿರದಲ್ಲಿ ಹೇಳಿಕೊಡುವವರು ಸಿಗಲಿಲ್ಲ. ಮೊಬೈಲ್ ನೋಡಿ ಮಾಡಿದೆ. ಎಡ ಯಾವುದು, ಬಲ ಯಾವುದು ಎಂದು ಕನ್ನಡಿಯ ಗೊಂದಲದಲ್ಲೇ ಅರ್ಧ ಗಂಟೆ ಹೋಯಿತು. ಅಂಗಳಕ್ಕೆ ಬಂದ ಆಯಿ, "ಎಂತ ಮಾಡ್ತಾ ಇದ್ದೆ ತಮಾ, ಕೊಕ್ಕರೆ ಹಾಂಗೆ?" ಎಂದಳು. ಕಲಿಸುವವರು ಸಿಕ್ಕರೆ ಯೋಗಕ್ಕಿಂತ ಮೊದಲು ಇದನ್ನೇ ಹಿಡಿಯಿರಿ. ಸಿಗದಿದ್ದರೆ ಯೋಗ.

ಕುಣಿತ

ಇದನ್ನು ಆರೋಗ್ಯದ ಪಟ್ಟಿಯಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹೇಳದಿದ್ದರೆ ಹೇಗೆ?

ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಕುಟುಂಬದ ಇಡಗುಂಜಿ ಯಕ್ಷಗಾನ ಮೇಳ 1934ರಿಂದ ಇದೆ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಕಲಾವಿದರ ಹೆಜ್ಜೆ ನೋಡಿ. ತಲೆಯ ಮೇಲೆ ಕಿರೀಟ ಅಥವಾ ಮುಂಡಾಸಿನ ಭಾರ. ಅಂದರೆ ದೇಹದ ತೂಕದ ಕೇಂದ್ರವೇ ಮೇಲೆ ಹೋಯಿತು. ಅದರ ಮೇಲೆ ಗಿರಕಿ, ಮಂಡಿ ಊರಿ ಸುತ್ತುವುದು, ಚಂಡೆಯ ಪೆಟ್ಟಿಗೆ ಗಕ್ಕನೆ ನಿಲ್ಲುವುದು. ತಿರುಗಿ ನಿಂತ ಮೇಲೂ ಜೋಲಿ ಹೊಡೆಯುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 80ರ ಅಂಚಿನಲ್ಲೂ ರಂಗದ ಮೇಲೆ ಕುಣಿದವರು. ಅಂಕೋಲೆಯ ಕಡೆ ಹಾಲಕ್ಕಿಗಳ ಸುಗ್ಗಿ ಕುಣಿತದಲ್ಲೂ ಅದೇ ಲೆಕ್ಕ, ತಲೆಯ ಮೇಲೆ ತುರಾಯಿ, ಕಾಲಿನಲ್ಲಿ ತಾಳ.

ನಾನು ಐದು ವಾರ ಒಂದು ಹವ್ಯಾಸಿ ತಂಡದ ಹೆಜ್ಜೆ ತರಗತಿಗೆ ಹೋದೆ. ಮಕ್ಕಳ ನಡುವೆ ಒಬ್ಬನೇ ನರೆಗೂದಲಿನವನು. ತಿತ್ತಿತ್ತೈ ತಾಳಕ್ಕೆ ಹೆಜ್ಜೆ ಹಾಕುವಾಗ ಕಾಲು ಒಂದು ಕಡೆ, ಕೈ ಇನ್ನೊಂದು ಕಡೆ, ಕಿವಿ ಮದ್ದಳೆಯ ಮೇಲೆ. ಆಗಲೇ ಹೇಳಿದ ಏಳೇಳು ಕಳೆಯುವ ಕಸರತ್ತು ಇಲ್ಲಿ ತಾನಾಗಿಯೇ ಆಗುತ್ತದೆ. ತಿರುಗುವಾಗ ಒಳಕಿವಿಗೆ ಸಿಗುವ ಕೆಲಸ ಗೋಡೆಯ ಪಕ್ಕ ಸಿಗುವುದಿಲ್ಲ. ಬೇಸರವಂತೂ ಬರಲೇ ಇಲ್ಲ. ವಯಸ್ಸಾದವರಲ್ಲಿ ಕುಣಿತ ಬೀಳುವುದನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಮಾತ್ರ ತಾಯ್ ಚಿಯಷ್ಟು ಪುರಾವೆ ಇಲ್ಲ. ಮೊಣಕಾಲು ಸವೆದವರು ಮಂಡಿ ಕುಣಿತದ ಹತ್ತಿರವೂ ಹೋಗಬೇಡಿ. ನನ್ನ ಬಲ ಮೊಣಕಾಲು ಆರನೇ ವಾರ ಬೇಡ ಅಂದಿತು, ನಾನೂ ಕೇಳಿದೆ. ಬರೀ ಹೆಜ್ಜೆಯನ್ನು ಮನೆಯಲ್ಲಿ ಮುಂದುವರಿಸಿದ್ದೇನೆ.

ಶಟಲ್, ವಾಲಿಬಾಲ್, ಕಬಡ್ಡಿ

ಜೋಲಿ ಹೊಡೆದಾಗ ದೇಹ ಮೂರು ಉಪಾಯ ಮಾಡುತ್ತದೆ. ಸಣ್ಣ ಜೋಲಿಯನ್ನು ಪಾದದ ಗಂಟಿನಲ್ಲೇ ಸರಿಮಾಡುತ್ತದೆ. ಸ್ವಲ್ಪ ದೊಡ್ಡದಾದರೆ ಸೊಂಟ ಬಗ್ಗಿಸುತ್ತದೆ. ಅದಕ್ಕೂ ಮೀರಿದರೆ ಥಟ್ಟನೆ ಒಂದು ಹೆಜ್ಜೆ ಹಾಕುತ್ತದೆ. ಗೋಡೆ ಮತ್ತು ಯೋಗ ಮೊದಲ ಎರಡನ್ನು ಕಲಿಸುತ್ತವೆ. ಮೂರನೆಯದನ್ನು ಕಲಿಸುವುದು ಆಟ. ಶಟಲ್ ಕಾಕ್ ಎಲ್ಲಿ ಬೀಳುತ್ತದೋ ಗೊತ್ತಿಲ್ಲ, ಕಾಲು ಅಲ್ಲಿಗೆ ಹೋಗಬೇಕು, ಮೈ ಹಿಂದೆ ಬರಬೇಕು. ದಬ್ಬೆಯ ಮೇಲೆ ನನ್ನ ಎಡಗಾಲಿಗೆ ಬೇಕಿದ್ದದ್ದು ಇದೇ.

ಒಳಾಂಗಣದ ಶಟಲ್ ಕೋರ್ಟ್ ಮಳೆಗಾಲಕ್ಕೂ ಆಗುತ್ತದೆ, ಇದು ದೊಡ್ಡ ಲಾಭ. ಆದರೆ ನಲವತ್ತು ದಾಟಿದವರು ಇಪ್ಪತ್ತು ವರ್ಷದ ಮೇಲೆ ರ‍್ಯಾಕೆಟ್ ಹಿಡಿದು ಮೊದಲ ದಿನವೇ ನೆಟ್ಟಿನ ಹತ್ತಿರ ನೆಗೆದರೆ ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು ಹರಿಯಬಹುದು. ಎರಡು ತಿಂಗಳು ಹಿಮ್ಮಡಿ ಎತ್ತುವ ಕಸರತ್ತು ಮಾಡಿ, ಆಮೇಲೆ ಕೋರ್ಟಿಗೆ ಇಳಿಯಿರಿ. ಡಬಲ್ಸ್ ಆಡಿ. ರಬ್ಬರ್ ತಳದ ಕೋರ್ಟ್ ಶೂ ಹಾಕಿ, ವಾಕಿಂಗ್ ಶೂ ಬೇಡ. ಅದರ ದಪ್ಪ ತಳ ಬದಿಗೆ ವಾಲಿದಾಗ ಕಾಲನ್ನು ಉಳುಕಿಸುತ್ತದೆ.

ವಾಲಿಬಾಲ್ ನಮ್ಮೂರುಗಳ ಸಂಜೆಯ ಆಟ. ನೆಗೆದು ಇಳಿಯುವಾಗ ಎದುರಿನವನ ಪಾದದ ಮೇಲೆ ಇಳಿದರೆ ಕಾಲು ಉಳುಕಿತು ಎಂದೇ ಲೆಕ್ಕ. ನನ್ನ ಅಕ್ಕನ ಮಗ, 22ರ ಹುಡುಗ, ಒಂದೇ ಕಾಲನ್ನು ಮೂರು ಸಲ ಉಳುಕಿಸಿಕೊಂಡಿದ್ದಾನೆ. ಪ್ರತಿ ಸಲ ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಆಟಕ್ಕೆ. ಇಂಥವರಿಗೆ ಆಟ ಸಾಲದು. ಉಳುಕಿದ ಕಾಲಿನ ಸ್ಪರ್ಶದ ಸುದ್ದಿ ತಡವಾಗಿ ಬರುತ್ತದೆ, ಅದನ್ನು ಬೇರೆಯಾಗಿಯೇ ಕಲಿಸಬೇಕು. ನೆದರ್ಲೆಂಡ್ಸ್‌ನ ವಾಲಿಬಾಲ್ ಆಟಗಾರರಿಗೆ ಒಂದು ಸೀಸನ್ ಪೂರ್ತಿ ಅಲುಗಾಡುವ ಹಲಗೆಯ ಮೇಲೆ ಕಸರತ್ತು ಮಾಡಿಸಿದರು. ಹಿಂದೆ ಉಳುಕಿದ್ದವರಲ್ಲಿ ಮತ್ತೆ ಉಳುಕುವುದು ಕಡಿಮೆಯಾಯಿತು ಎಂದು 2004ರಲ್ಲಿ ವರದಿ ಮಾಡಿದರು.

ಆ ಹಲಗೆಯ ಬಗ್ಗೆ ಒಂದು ಮಾತು. ನಾನೂ ಆನ್‌ಲೈನ್‌ನಲ್ಲಿ ಒಂದನ್ನು ತರಿಸಿದೆ. ಮೂರು ವಾರದಲ್ಲಿ ಹಲಗೆಯ ಮೇಲೆ ನಿಲ್ಲುವುದರಲ್ಲಿ ಪಂಟನಾದೆ. ಒಂಟಿ ಕಾಲಿನಲ್ಲಿ ನೆಲದ ಮೇಲೆ ನಿಲ್ಲುವ ಅಂಕ ಮಾತ್ರ ಇದ್ದಲ್ಲೇ ಇತ್ತು! ಆಮೇಲೆ ಓದಿದಾಗ ಗೊತ್ತಾಯಿತು, ಬ್ಯಾಲೆನ್ಸ್ ಹಾಗೆಯೇ. ಯಾವುದನ್ನು ಮಾಡುತ್ತೇವೋ ಅದು ಬರುತ್ತದೆ, ಪಕ್ಕದ್ದಕ್ಕೆ ಅಷ್ಟಾಗಿ ಹರಡುವುದಿಲ್ಲ. ಕಾಳಿ ನದಿಯ ಬಾಯಲ್ಲಿ ಪಾತಿ ದೋಣಿಯ ಮೇಲೆ ನಿಂತು ಬೀಸುಬಲೆ ಎಸೆಯುವವರನ್ನು ಅಡಿಕೆ ಮರಕ್ಕೆ ಹತ್ತಿಸಿ ನೋಡಿ. ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗಾರರನ್ನು ದೋಣಿಯ ಮೇಲೆ ನಿಲ್ಲಿಸಿ ನೋಡಿ. ಇಬ್ಬರೂ ಮಗು ಹೆಜ್ಜೆ ಇಡುತ್ತಾರೆ. ಆಯಿ ದಬ್ಬೆಯ ಮೇಲೆ ಜಾರದಿರುವುದಕ್ಕೂ ಇದೇ ಕಾರಣ ಇರಬೇಕು. ಐವತ್ತೈದು ವರ್ಷದಿಂದ ಅವಳ ಕಸರತ್ತು ಅದೇ ದಬ್ಬೆ. ಹಲಗೆ ಈಗ ಅಕ್ಕನ ಮಗನ ಹತ್ತಿರ ಇದೆ, ಅವನಿಗೆ ಅದು ಸರಿ.

ಸರ್ಫಿಂಗ್, ಕಯಾಕ್, ಸೈಕಲ್, ಈಜು

ಬೇಗ ಹೇಳಿ ಮುಗಿಸುತ್ತೇನೆ. ಸರ್ಫಿಂಗ್ ನೋಡಲು ಚೆಂದ, ಆದರೆ ಕಲಿಯುವಾಗ ಹಲಗೆಯ ಮೇಲೆ ಮಲಗಿ ಕೈ ಹೊಡೆಯುವುದೇ ಜಾಸ್ತಿ, ನಿಲ್ಲುವುದು ಗಂಟೆಗೆ ಕೆಲವೇ ಸೆಕೆಂಡ್. ರಜೆಗೆ ಬಂದವರು ಮಾಡಲಿ. ಶರಾವತಿ ಹಿನ್ನೀರಿನಲ್ಲಿ ಕಯಾಕ್ ಹತ್ತಿದೆ, ಹೊಟ್ಟೆ ಬೆನ್ನಿಗೆ ಒಳ್ಳೆಯದು, ಕಾಲಿಗೆ ಏನೂ ಇಲ್ಲ, ಕೂತೇ ಇರುತ್ತೀರಿ. ಸೈಕಲ್ಲಿನಲ್ಲಿ ಬೀಳುವ ಕಡೆಗೆ ಹ್ಯಾಂಡಲ್ ತಿರುಗಿಸಿ ಬ್ಯಾಲೆನ್ಸ್ ಮಾಡುತ್ತೇವೆ, ನಿಲ್ಲುವ ಕಾಲಿಗೆ ಅದು ಬೇರೆಯೇ ವಿದ್ಯೆ. ಈಜು ಮೊಣಕಾಲು ನೋವಿನವರಿಗೆ ವರ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಗಂಡಸರನ್ನು ನೋಡಿದಾಗ ಈಜುವವರು ಕಡಿಮೆ ಬಿದ್ದಿದ್ದರು. ಈಜಿನಿಂದಲೇ ಹಾಗಾಯಿತೋ, ಗಟ್ಟಿ ಇದ್ದವರೇ ಈಜಿಗೆ ಹೋದರೋ ಎನ್ನುವುದು ನನ್ನ ಅನುಮಾನ.

ಗೋಕರ್ಣದ ಕುಡ್ಲೆ ಬೀಚಿನಲ್ಲಿ ಎರಡು ಮರಗಳ ನಡುವೆ ಪಟ್ಟಿ ಕಟ್ಟಿ ಅದರ ಮೇಲೆ ನಡೆಯುವ ಹುಡುಗರನ್ನು ನೋಡಿದ್ದೆ. ಇಪ್ಪತ್ತರ ಹರೆಯದವರಿಗೆ, ಕೆಳಗೆ ಮರಳಿದ್ದರೆ, ಅದಕ್ಕಿಂತ ಮಜಾ ಇಲ್ಲ. ನಾನು ಒಂದು ಹೆಜ್ಜೆ ಇಟ್ಟೆ. ಒಂದೇ.

ನಮ್ಮ ಮನೆಯಲ್ಲಿ ಆರಿಸಿಕೊಂಡದ್ದು

ವಯಸ್ಸು 65 ದಾಟಿದವರು ಬ್ಯಾಲೆನ್ಸ್ ಮತ್ತು ಶಕ್ತಿ ಎರಡೂ ಇರುವ ಕಸರತ್ತನ್ನು ವಾರಕ್ಕೆ ಮೂರು ದಿನವಾದರೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಆಯಿಗೆ ಇದನ್ನು ಹೇಳಿದರೆ ಕೇಳುವವಳಲ್ಲ. "ದಿನಾ ಮಾಡೋ ಕೆಲಸ ಸಾಲದಾ?" ಎಂದಳು. ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದನ್ನು ಮಾತ್ರ ಒಪ್ಪಿದಳು, ಅನ್ನ ಬೇಯುವಾಗ. ಅವಳಿಗೆ ಅಷ್ಟೇ ಸಾಕು ಎಂದು ನನಗೂ ಅನಿಸುತ್ತದೆ. ಜೊತೆಗೆ ತಳ ಸವೆದ ಹವಾಯಿ ಚಪ್ಪಲಿಯನ್ನು ಬಿಸಾಡಿ, ಗೀರು ಇರುವ ರಬ್ಬರ್ ಚಪ್ಪಲಿ ತಂದುಕೊಟ್ಟೆ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದೆ.

ನನಗೆ ವಾರಕ್ಕೆ ಮೂರು ದಿನ ಗೋಡೆ ಮತ್ತು ಕಂಬಳಿ, ಎರಡು ಸಂಜೆ ಶಟಲ್. ನವೆಂಬರಿನಿಂದ ಮೇವರೆಗೆ ಒಂದು ದಿನ ಮರಳು. ಮಳೆ ಹಿಡಿದರೆ ಮರಳಿನ ಜಾಗಕ್ಕೆ ಯಕ್ಷಗಾನದ ಹೆಜ್ಜೆ. ಒಂಟಿ ಕಾಲಿನ ಅಂಕ ಈಗ 27 ಸೆಕೆಂಡ್. ಕಣ್ಣು ಮುಚ್ಚಿದರೆ ಇನ್ನೂ ಐದೇ.

ಮೊನ್ನೆ ಜೂನ್‌ನಲ್ಲಿ ಮನೆಗೆ ಹೋದಾಗ ದಬ್ಬೆಯ ಮೇಲೆ ಒಮ್ಮೆ ಜಾರಿದೆ. ಈ ಸಲ ಎಡಗಾಲು ತಾನಾಗಿ ಮುಂದೆ ಹೋಯಿತು, ನಿಂತೆ. ತೋಟದಾಚೆಯ ಹಳ್ಳಕ್ಕೆ ಎರಡು ಅಡಿಕೆ ಮರ ಹಾಸಿದ ಸಂಕ ಇದೆ. ಅದನ್ನು ಮಳೆಯಲ್ಲಿ ದಾಟುವ ಧೈರ್ಯ ಇನ್ನೂ ಬಂದಿಲ್ಲ. ಬರುವವರೆಗೆ ಕಾಯುವುದೂ ಇಲ್ಲ. ಬಿದಿರಿನ ಕೈಹಿಡಿ ಕಟ್ಟಲು ಹೇಳಿದ್ದೇನೆ, ಆಯಿಯೂ ಅಲ್ಲೇ ಓಡಾಡುವವಳು.